ಜಲಜಾಕ್ಷಿಯ ಮೂತಿಗೊಂದು ವಿಂಚ್

ತೋಟ ಬೆಂಗ್ರೆ, ಮಂಗಳೂರು
10 ಸೆಪ್ಟೆಂಬರ್ 2024

ಪ್ರೀತಿಯ ದಮಯಂತಿ ಅಕ್ಕನಿಗೆ,

ತಮ್ಮ ಯಾದವನ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಚೌತಿ ಮುಗಿಯಿತು. ನಮ್ಮ ಬೋಟಿನ ಕಜೆಟನ್‌ನ ಮನೆಯ ತೆನೆಹಬ್ಬಕ್ಕೂ ಹೋಗಿ ಹೊಸ ಅಕ್ಕಿಯ ಊಟ ಮಾಡಿ ಬಂದೆವು. ಮಳೆ ಪೂರ್ತಿ ಹೋಗಿಲ್ಲ, ಆದರೂ ಕಡಲು ಒಳ್ಳೆಯದಿದೆ.

ಫೋನು ಬಿಟ್ಟು ಕಾಗದ ಬರೆಯುವುದಕ್ಕೆ ಬೇಜಾರು ಮಾಡಬೇಡ. ಇಷ್ಟು ವರ್ಷ ಎಂಜಿನಿನ ಪಕ್ಕ ನಿಂತು ನನ್ನ ಕಿವಿ ಹೋದದ್ದು ನಿನಗೆ ಗೊತ್ತೇ ಉಂಟು. ಕಳೆದ ಸಲ ನೀನು ಮೊಣಗಂಟು ಎಂದದ್ದು ನನಗೆ ಮೊಮ್ಮಗ ಎಂದು ಕೇಳಿಸಿತು. ನಾನು "ಬಹಳ ಸಂತೋಷ, ಸಿಹಿ ಹಂಚು" ಎಂದೆ. ಆಮೇಲೆ ಸುಗಂಧಿ ನನಗೆ ಬೈದದ್ದು ಮಾತ್ರ ಸರಿಯಾಗಿ ಕೇಳಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ನಮ್ಮಿಬ್ಬರಿಗೂ ಸೇರಿಸಿ ಬೋಟು ಬಿಟ್ಟು ಹೋಗುವಾಗ, ಅದಕ್ಕೆ ಹೊಸತೇನು ಮಾಡುವುದಾದರೂ ಇಬ್ಬರೂ ಒಪ್ಪಿ ಮಾಡಬೇಕು ಎಂದಿದ್ದರಲ್ಲ. ಜಲಜಾಕ್ಷಿಯ ಮುಂಭಾಗಕ್ಕೆ, ಅದೇ ಮೂತಿಗೆ, ಲಂಗರು ಎತ್ತುವ ವಿಂಚ್ ಹಾಕಿಸಬೇಕೆಂದಿದ್ದೇನೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು.

ದೊಡ್ಡ ಟ್ರಾಲ್ ಬೋಟಿನವರಿಗೆ ಬಲೆ ಎಳೆಯುವ ವಿಂಚ್ ಇರುತ್ತದೆ, ಲಂಗರೂ ಅದರಲ್ಲೇ ಬರುತ್ತದೆ. ನಮ್ಮದು ಗಾಳದ ಬೋಟು. ಕಡಲಡಿಯ ಕಲ್ಲಿನ ಮೇಲೆ ಲಂಗರು ಹಾಕಬೇಕು, ಗಾಳ ಇಳಿಸಬೇಕು, ಮೀನು ಕಚ್ಚುವುದು ನಿಂತರೆ ಲಂಗರು ಎತ್ತಿ ಇನ್ನೊಂದು ಕಲ್ಲಿಗೆ ಹೋಗಬೇಕು. ಎತ್ತುವುದೆಲ್ಲ ಕೈಯಲ್ಲೇ. ಇಷ್ಟು ದಿನ ಕಜೆಟನ್, ಹ್ಯೂಬರ್ಟ್ ಇಬ್ಬರೂ ಸೇರಿ ಎಳೆಯುತ್ತಿದ್ದರು, ಅವರಿಗೆ ಅದು ಅಬ್ಯಾಸ. ಈಗ ಹ್ಯೂಬರ್ಟ್ ದೊಡ್ಡ ಬೋಟಿಗೆ ಹೋಗಿದ್ದಾನೆ. ಅವನ ಜಾಗಕ್ಕೆ ಹೊಸ ಜನ ಒಂದು ಸಿಕ್ಕಿದೆ. ಬಹಳ ಚುರುಕು. ಮೀನು ಹುಡುಕುವ ಮೆಷಿನಿನ ಪರದೆ ನೋಡಿ ಕಲ್ಲು ಎಲ್ಲುಂಟು, ಮೀನು ಎಲ್ಲುಂಟು ಎಂದು ಥಟ್ಟನೆ ಹೇಳುತ್ತದೆ. ಆದರೆ ಲಂಗರು ಎಳೆಯುವಷ್ಟು ತೋಳಿನ ಬಲ ಇಲ್ಲ.

ಬೈಕಂಪಾಡಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ರುಡೊಲ್ಫ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅವನು ಅದನ್ನು ವಿಂಡ್‌ಲಾಸ್ ಎನ್ನುತ್ತಾನೆ. ಹಣದ ಚಿಂತೆ ನಿನಗೆ ಬೇಡ. ಒಪ್ಪಿಗೆ ಮಾತ್ರ ಸಾಕು.

ಮಗಳು ಮೋಕ್ಷಾ ಚೆನ್ನಾಗಿದ್ದಾಳೆ. ಬಿಜೈಯ ಆಫೀಸು, ಮನೆ, ಅಷ್ಟೇ.

ನಿನ್ನ ತಮ್ಮ
ಯಾದವ


ಭಾಯಂದರ್, ಮುಂಬಯಿ
18 ಸೆಪ್ಟೆಂಬರ್ 2024

ಚಿ. ಯಾದವನಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಅಭ್ಯಾಸ ಎಂಬಲ್ಲಿ ಭಕ್ಕೆ ಹೊಟ್ಟೆ ಸೀಳಬೇಕು. ಮುನಿಸಿಪಲ್ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳ ಕೈಯಲ್ಲಿ ಅಕ್ಷರದ ಹೊಟ್ಟೆ ಸೀಳಿಸಿದವಳು ನಾನು. ನನ್ನ ತಮ್ಮನೇ ಸೀಳದಿದ್ದರೆ ಹೇಗೆ?

ವಿಂಚ್ ಬೇಡ. ಹೆಸರೇ ವಿಂಡ್‌ಲಾಸ್ ಅಂತೆ. ಹೆಸರಿನಲ್ಲೇ ಲಾಸ್ ಇರುವ ವಸ್ತುವನ್ನು ಬುದ್ಧಿ ಇದ್ದವರು ಮನೆಗೆ ತರುತ್ತಾರೆಯೇ? ಅದಲ್ಲದೆ ಬೋಟಿಗೆ ಇಟ್ಟಿರುವುದು ಅಮ್ಮನ ಹೆಸರು. ಬದುಕಿದ್ದಾಗ ಮೂಗುತಿ ಕೂಡ ಭಾರ ಎಂದು ತೆಗೆದಿಟ್ಟವಳ ಮೂತಿಗೆ ಈಗ ಡ್ರಿಲ್ಲಿಂಗ್ ಮೆಷಿನು ಹಿಡಿದು ತೂತು ಕೊರೆದು ಕಬ್ಬಿಣ ಕೂರಿಸುತ್ತೀಯಾ?

ತಮಾಷೆ ಇರಲಿ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಲಂಗರು ಎಳೆಯುವುದು ಕಷ್ಟ ಎಂದು ನೀನು ಈವರೆಗೆ ಒಮ್ಮೆಯೂ ಹೇಳಿದವನಲ್ಲ. ಹೊಸ ಜನಕ್ಕೆ ಬಲ ಇಲ್ಲವಾದರೆ ಬಲ ಇರುವವನನ್ನು ಹುಡುಕು, ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಜನಕ್ಕೆ ಬರವೇ? ನನಗೆ ಅನುಮಾನ ಬಂದಿದೆ. ನಿನ್ನದೇ ತೋಳಿಗೆ ಏನೋ ಆಗಿದೆ. ಅದನ್ನು ಅಕ್ಕನಿಂದ ಮುಚ್ಚಿಡಲು ಹೊಸ ಜನವನ್ನು ಮುಂದೆ ಮಾಡಿದ್ದೀ. ನಿಜ ಬರೆ.

ಮೋಕ್ಷಾಳಿಗೆ ಥಾಣೆಯಲ್ಲಿ ಒಂದು ಒಳ್ಳೆಯ ಸಂಬಂಧ ನೋಡಿದ್ದೇನೆ. ಹುಡುಗ ಬ್ಯಾಂಕಿನಲ್ಲಿದ್ದಾನೆ. ಈ ವಿಷಯ ಹೇಳೋಣವೆಂದು ಮೊನ್ನೆ ಫೋನು ಮಾಡಿದರೆ "ಮಾಮಿ, ರೇಂಜ್ ಇಲ್ಲ, ಮತ್ತೆ ಮಾಡ್ತೇನೆ" ಎಂದಳು. ಬಿಜೈಯಲ್ಲಿ ರೇಂಜ್ ಇಲ್ಲವೇ? ಹಿಂದಿನಿಂದ ಭರ್ರೆಂದು ಸದ್ದು ಬರುತ್ತಿತ್ತು. ಎಂತ ಅದು ಎಂದು ಕೇಳಿದರೆ "ಫ್ಯಾನ್ ಮಾಮಿ" ಎಂದಳು. ಹುಡುಗಿಗೆ ನೆಗಡಿ ಆಗುತ್ತದೆ, ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಬೇಡ ಎನ್ನು.

ನಿನ್ನ ಅಕ್ಕ
ದಮಯಂತಿ


ತೋಟ ಬೆಂಗ್ರೆ
27 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕನಿಗೆ,

ನಿನ್ನ ಕಣ್ಣು ತಪ್ಪಿಸಲು ಸಾಧ್ಯವಿಲ್ಲ. ತೋಳು ಸ್ವಲ್ಪ ಹಾಗೆಯೇ ಉಂಟು. ನೋವು ಎಂದರೆ ನೋವಲ್ಲ. ನೋವಲ್ಲ ಎಂದರೆ ಏನೂ ಇಲ್ಲ ಎಂದೂ ಅಲ್ಲ. ವಯಸ್ಸಾಯಿತಲ್ಲ.

ನೀನು ಬೇಡ ಎಂದದ್ದನ್ನು ಕಜೆಟನ್‌ಗೆ ಓದಿ ಹೇಳಿದೆ. ಅವನು ನಿನ್ನ ದೊಡ್ಡ ಭಕ್ತನಾಗಿಬಿಟ್ಟಿದ್ದಾನೆ. "ದಮಯಂತಕ್ಕ ಸರಿಯಾಗಿ ಹೇಳಿದ್ರು ನೋಡಿ. ನಾನು ಸತ್ತಿದ್ದೇನಾ ಯಾದವಣ್ಣ? ನಾನಿರುವಾಗ ಮೆಷಿನ್ ಎಂತಕ್ಕೆ?" ಎಂದು ಸಿಟ್ಟು ಮಾಡಿ ಬೋಟಿನಲ್ಲಿ ಗಂಜಿಗೂ ಕೂರಲಿಲ್ಲ. ಎರಡನೇ ಸಲ ಕರೆದಾಗ ಬಂದು ಉಳಿದವರ ಪಾಲಿನ ಒಣಮೀನು ಚಟ್ನಿಯನ್ನೂ ತಿಂದ. ಅವನಿಗೆ ಕೆಲಸ ಹೋದೀತೆಂಬ ಹೆದರಿಕೆ ಇಲ್ಲ, ಹಾಗೆ ಮಾಡುವವನು ನಾನಲ್ಲ ಎಂದು ಗೊತ್ತು. ಆದರೆ ಲಂಗರು ಎಳೆಯುವುದರಲ್ಲಿ ಬೆಂಗ್ರೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ಅವನದು.

ರುಡೊಲ್ಫ್ ಮತ್ತೆ ಬಂದಿದ್ದ. ಮೂತಿಯ ಹಲಗೆಯ ಅಡಿಗೆ ದಪ್ಪ ಮರ ಕೊಟ್ಟು ಬಿಗಿಯಬೇಕಂತೆ, ಇಲ್ಲದಿದ್ದರೆ ಮೊದಲ ಎಳೆತಕ್ಕೇ ಹಲಗೆ ಕಿತ್ತುಬರುತ್ತದೆ. ಭಾರ ಮುಂದೆ ಬೀಳುವುದರಿಂದ ಐಸ್ ಪೆಟ್ಟಿಗೆಯನ್ನು ಸ್ವಲ್ಪ ಹಿಂದೆ ಸರಿಸಬೇಕು. ಬ್ಯಾಟರಿ ಸತ್ತರೆ ಕೈಯಲ್ಲಿ ತಿರುಗಿಸಲು ಹ್ಯಾಂಡಲ್ ಕೂಡ ಉಂಟು. ಮೂಗುತಿಯಷ್ಟು ಚಿಕ್ಕದಲ್ಲ ಅಕ್ಕ, ಆದರೆ ಅಮ್ಮನಿಗೆ ಚೆಂದ ಕಾಣುತ್ತದೆ.

ಥಾಣೆಯ ಹುಡುಗನ ವಿಷಯ ಮೋಕ್ಷಾಳಿಗೆ ಹೇಳಿದೆ. "ನೋಡುವ" ಎಂದಳು. ನೆಗಡಿ ಇಲ್ಲ.

ಯಾದವ


ಭಾಯಂದರ್
6 ಅಕ್ಟೋಬರ್ 2024

ಚಿ. ಯಾದವನಿಗೆ,

ನಾನು ಹೇಳಲಿಲ್ಲವೇ, ತೋಳೇ ಎಂದು! ಪಾರ್ಸೆಲಿನಲ್ಲಿ ಎಣ್ಣೆಯ ಎರಡು ಬಾಟಲಿ ಕಳಿಸಿದ್ದೇನೆ. ಬೆಳಿಗ್ಗೆ ಕಡಲಿಗೆ ಹೊರಡುವ ಮೊದಲು ಬಿಸಿ ಮಾಡಿ ತಿಕ್ಕಿಸಿಕೋ. ವಾಸನೆ ಸ್ವಲ್ಪ ಹೆಚ್ಚು.

ತೋಳು ಹೋದ ಮೇಲೆ ಮೆಷಿನು ಹಾಕಿಸಿ ಇನ್ನೂ ಕಡಲಿಗೆ ಹೋಗುತ್ತೇನೆ ಎಂಬುದು ಯಾವ ನ್ಯಾಯ? ಕಿವಿ ಕೇಳುವುದಿಲ್ಲ, ತೋಳು ಏಳುವುದಿಲ್ಲ. ಸಾಕು ಯಾದವ. ಬೋಟು ಮಾರಿಬಿಡೋಣ. ನನ್ನ ಒಪ್ಪಿಗೆ ಉಂಟು.

ನನ್ನ ಹಳೆಯ ವಿದ್ಯಾರ್ಥಿನಿ ಖೈರುನ್ನಿಸಾ ಎಂಬವಳು ಮದುವೆಯಾಗಿ ಮಂಗಳೂರಿಗೆ ಬಂದು, ಪಂಪ್‌ವೆಲ್ ಹತ್ತಿರ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದಾಳೆ. ತೋಳು, ಭುಜ ಎಲ್ಲ ನೋಡುವುದರಲ್ಲಿ ಅವಳ ಕೈ ಬಹಳ ಒಳ್ಳೆಯದಂತೆ. ಅವಳಿಗೆ ಹೇಳಿದ್ದೇನೆ, ಮನೆಗೇ ಬರುತ್ತಾಳೆ. ತಪ್ಪಿಸಿಕೊಳ್ಳಬೇಡ.

ದಮಯಂತಿ


ತೋಟ ಬೆಂಗ್ರೆ
14 ಅಕ್ಟೋಬರ್ 2024

ಅಕ್ಕನಿಗೆ,

ಖೈರುನ್ನಿಸಾ ಬಂದು ಹೋದರು. ಒಳ್ಳೆಯ ಹೆಂಗಸು. ಸುಗಂಧಿ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಬಡಿಸಿದಳು. ಎಣ್ಣೆಯೂ ಬಂತು. ಕಜೆಟನ್ ತನ್ನ ಮಂಡಿಗೆ ಹಚ್ಚಿಕೊಂಡ. ಆ ದಿನ ಗಾಳಕ್ಕೆ ಒಂದು ಮೀನೂ ಬೀಳಲಿಲ್ಲ. ವಾಸನೆ ಕೆಳಗಿನವರೆಗೆ ಹೋಗಿರಬೇಕು.

ಬೋಟು ಮಾರುವ ಮಾತು ಬೇಡ.

ಯಾದವ


ಭಾಯಂದರ್
21 ಅಕ್ಟೋಬರ್ 2024

ಯಾದವ,

ಖೈರುನ್ನಿಸಾ ಫೋನು ಮಾಡಿದ್ದಳು. "ಟೀಚರ್, ನಿಮ್ಮ ತಮ್ಮನ ಭುಜದಲ್ಲಿ ಎಂತದೂ ತೊಂದರೆ ಇಲ್ಲ. ನಾನು ಕೈ ತಿರುಗಿಸಿ ನೋಡುವಾಗ ಅವರು ನನ್ನ ಮುಖ ನೋಡಿ, ಎಲ್ಲಿ ನೋವು ಅಂತ ಹೇಳ್ಬೇಕು ಅಂತ ಯೋಚಿಸ್ತಾ ಇದ್ರು" ಎಂದಳು. ಅವಳು ಎಡಭುಜ ಮುಟ್ಟಿದಾಗ ಬಲಭುಜ ಹಿಡಿದು ಅಯ್ಯೋ ಎಂದೆಯಂತೆ. ನಾಚಿಕೆಯಾಗಬೇಕು ನಿನಗೆ. ಎರಡು ಬಾಟಲಿ ಎಣ್ಣೆ!

ಈಗ ನನಗೆ ಎಲ್ಲ ಅರ್ಥವಾಯಿತು. ತೋಳು ಸರಿ ಇದೆ, ಮೆಷಿನು ಬೇಕು, ಮೂತಿಗೆ ಹೊಸ ಮರ ಬೇಕು, ಬೋಟು ಚೆಂದ ಕಾಣಬೇಕು. ನೀನು ಜಲಜಾಕ್ಷಿಯನ್ನು ಯಾರಿಗೋ ಮಾರಲು ಹೊರಟಿದ್ದೀ. ಮದುಮಗಳ ಹಾಗೆ ಸಿಂಗಾರ ಮಾಡಿ ಕೊಡುತ್ತೀ.

ಮಾರಿಬಿಡು ಎಂದು ನಾನೇ ಬರೆದಿದ್ದೆ, ನಿಜ. ಅದು ನಿನ್ನ ತೋಳಿನ ಹೆದರಿಕೆಗೆ ಬರೆದದ್ದು. ಅಪ್ಪ ತನ್ನ ಕೈಯಾರೆ ಬಣ್ಣ ಬಳಿಯುತ್ತಿದ್ದ ಬೋಟು ಅದು. ನನಗೆ ಹೇಳದೆ ಮಾರಿದರೆ ನಾನು ನಿನ್ನ ಅಕ್ಕನಲ್ಲ.

ನಿಜ ಬರೆ. ಎಷ್ಟು ಉದ್ದ ಆದರೂ ಅಡ್ಡಿ ಇಲ್ಲ.

ದಮಯಂತಿ


ತೋಟ ಬೆಂಗ್ರೆ
29 ಅಕ್ಟೋಬರ್ 2024

ಪ್ರೀತಿಯ ಅಕ್ಕನಿಗೆ,

ಬೋಟು ಮಾರುವ ಯೋಚನೆ ನನ್ನ ಕನಸಿನಲ್ಲೂ ಇಲ್ಲ. ಇನ್ನು ಏನನ್ನೂ ಮುಚ್ಚಿಡುವುದಿಲ್ಲ. ಕುಳಿತುಕೊಂಡು ಓದು.

ಹ್ಯೂಬರ್ಟ್‌ನ ಜಾಗಕ್ಕೆ ಬಂದ ಹೊಸ ಜನ ಮೋಕ್ಷಾ.

ಅವಳು ಬಿಜೈಯ ಆಫೀಸು ಬಿಟ್ಟಿದ್ದಾಳೆ. ಆಗಸ್ಟಿನಲ್ಲಿ ಹ್ಯೂಬರ್ಟ್ ಹೋದ ಮೇಲೆ ಒಂದು ದಿನ ಜನವೇ ಸಿಗಲಿಲ್ಲ. "ಪಪ್ಪ, ಇವತ್ತು ನನಗೆ ರಜೆ. ನಾನು ಬರ್ತೇನೆ, ಒಂದು ದಿನ ಮಾತ್ರ" ಎಂದಳು. ಬಂದಳು. ತೆರೆ ಏಳುವ ಅಳಿವೆಯ ಬಾಯಿ ದಾಟುವಾಗ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ನಗುತ್ತಿದ್ದಳು. ಪರದೆ ನೋಡಿ ನಾನೇ ಮರೆತಿದ್ದ ಒಂದು ಕಲ್ಲನ್ನು ಹುಡುಕಿಕೊಟ್ಟಳು, ಮುರುಮೀನು ತುಂಬಿಕೊಂಡು ಬಂದೆವು. ಮರುವಾರ ನನ್ನನ್ನೂ ಕೇಳದೆ ಆಫೀಸಿನಲ್ಲಿ ರಾಜೀನಾಮೆ ಕೊಟ್ಟು ಬಂದಿದ್ದಳು. ಸುಗಂಧಿ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅವಳಿಗೆ ಬುತ್ತಿ ಕಟ್ಟಿಕೊಟ್ಟಳು. ದಕ್ಕೆಯಲ್ಲಿ ಮೊದಮೊದಲು ಮಾತು ಬಂತು. ಈಗ ಎಲ್ಲಿ ಮೀನು ಉಂಟು ಎಂದು ಅವಳನ್ನೇ ಕೇಳುತ್ತಾರೆ.

ನಿನಗೆ ಹೇಳಲಿಲ್ಲ. ಬಿಜೈಯ ಆ ಕೆಲಸಕ್ಕೆ ಯಾರ್ಯಾರಿಗೋ ಹೇಳಿ ಅವಳನ್ನು ಸೇರಿಸಿದವಳು ನೀನು. ನೀನು ಥಾಣೆಯ ಸಂಬಂಧ ಬೇರೆ ನೋಡುತ್ತಿದ್ದೆ. ಗೊತ್ತಾದರೆ ಮೊದಲ ರೈಲು ಹಿಡಿದು ಬಂದು ಅವಳನ್ನು ಬೋಟಿನಿಂದ ಇಳಿಸುತ್ತೀ ಎಂದು ಹೆದರಿದೆ. ನೀನೇ ನನ್ನ ತೋಳು ನೋವು ಎಂದು ಬರೆದಾಗ, ಇದೇ ಒಳ್ಳೆಯದಾಯಿತು ಎಂದುಕೊಂಡೆ.

ಅವಳಿಂದ ಆಗದಿದ್ದ ಕೆಲಸ ಲಂಗರು ಎಳೆಯುವುದು ಒಂದೇ. ಹಾಗಾಗಿ ಅದು ಪೂರ್ತಿ ಕಜೆಟನ್‌ನ ಮೇಲೆ ಬಿತ್ತು. "ನಾನೊಬ್ಬನೇ ಸಾಕು" ಎಂದು ಅವನೂ ಎಳೆಯುತ್ತಿದ್ದ.

ಕಳೆದ ಗುರುವಾರದ ವಿಷಯ ಹೇಳುತ್ತೇನೆ. ಬೆಳಿಗ್ಗೆ ಕಡಲು ಎಣ್ಣೆ ಚೆಲ್ಲಿದ ಹಾಗೆ ಇತ್ತು. ಕಲ್ಲಿನ ಮೇಲೆ ಲಂಗರು ಹಾಕಿ ಗಾಳ ಇಳಿಸಿದೆವು, ಮೀನು ಚೆನ್ನಾಗಿ ಕಚ್ಚುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಯಿತು. ಹೊರಡುವ ಎಂದು ಗಾಳ ಎತ್ತುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಕಜೆಟನ್ ಮೂತಿಗೆ ಹೋಗಿ ಹಗ್ಗ ಎಳೆದ. ಲಂಗರು ಕಲ್ಲಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮೋಕ್ಷಾ ಅವನ ಹಿಂದೆ ನಿಂತು ಹಗ್ಗದ ಬಾಲ ಹಿಡಿದಿದ್ದಳು. ನಾನು ಹಿಂದೆ ಚುಕ್ಕಾಣಿಯಲ್ಲಿದ್ದೆ.

ಹಗ್ಗ ಜಾರುತ್ತದೆಂದು ಕಜೆಟನ್ ಅದನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡ. ಹೊಸಬರಿಗೆ ಅದನ್ನು ಮಾಡಬೇಡಿ ಎಂದು ದಿನಾ ಹೇಳುವವನು ಅವನೇ. ಆಗ ಒಂದು ದೊಡ್ಡ ತೆರೆ ಬಂದು ಮೂತಿಯನ್ನು ಮೇಲಕ್ಕೆ ಎತ್ತಿತು. ಹಗ್ಗ ಬಿಗಿಯಿತು. ಅವನ ಕೈ ಹಗ್ಗದ ಜೊತೆ, ಮೂತಿಯಲ್ಲಿ ಹಗ್ಗ ಕಟ್ಟುವ ಕಂಬಕ್ಕೆ ಹೋಗಿ ಒತ್ತಿಕೊಂಡಿತು. ಅವನು ಕೂಗಿದನಂತೆ, ಮೋಕ್ಷಾ ಕೂಡ ಕೂಗಿದಳಂತೆ. "ಪಪ್ಪ, ಮುಂದೆ ಬಿಡಿ, ಮುಂದೆ!" ಎಂದು. ಬೋಟು ಮುಂದೆ ಹೋದರೆ ಹಗ್ಗ ಸಡಿಲವಾಗುತ್ತದಲ್ಲ.

ಅಕ್ಕ, ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಗಾಳಿಯ ಸದ್ದು, ಎಂಜಿನಿನ ಸದ್ದು. ನಾನು ಹಿಂದಿನ ತೆರೆ ನೋಡುತ್ತಾ ನಿಂತಿದ್ದೆ.

ತಿರುಗಿ ನೋಡಿದಾಗ ಮೋಕ್ಷಾ ಮೀನಿನ ಕತ್ತಿ ಹಿಡಿದು ಮೂತಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದ್ದಳು. ಕಂಬದ ಆಚೆ ಕೈ ಚಾಚಿ ಹಗ್ಗ ಕೊಯ್ಯುತ್ತಿದ್ದಳು. ಹಗ್ಗ ತುಂಡಾಗಿ ಚಾಟಿಯ ಹಾಗೆ ನೀರಿಗೆ ಹಾರಿತು. ಲಂಗರು ಹೋಯಿತು. ಕಜೆಟನ್ ಹಿಂದಕ್ಕೆ ಬಿದ್ದು ಕುಳಿತ. ಅವನ ಎರಡು ಬೆರಳು ಬಾಗಬಾರದ ಕಡೆಗೆ ಬಾಗಿದ್ದವು.

ಅಷ್ಟು ನೋವಿನಲ್ಲಿ ಅವನು ಎಂತ ಹೇಳಿದ ಗೊತ್ತುಂಟಾ? "ಅಷ್ಟು ಒಳ್ಳೆ ಲಂಗರು ಮಾರಾಯ್ತಿ! ಬೆರಳು ಕೊಯ್ದಿದ್ರೆ ಆಗ್ತಿತ್ತು!"

"ಬೆರಳು ಬೈಕಂಪಾಡಿಯಲ್ಲಿ ಸಿಗುದಿಲ್ಲ ಅಂಕಲ್" ಎಂದಳು ಮೋಕ್ಷಾ. ಚುಕ್ಕಾಣಿ ಅವಳೇ ಹಿಡಿದಳು. ಕಜೆಟನ್‌ನ ಕೈಯನ್ನು ಐಸಿನ ಮೇಲಿಟ್ಟು ನಾನು ಅವನ ಪಕ್ಕ ಕುಳಿತೆ. ಅಳಿವೆಯಲ್ಲಿ ತೆರೆ ಎದ್ದು ನಿಂತಿತ್ತು. ಅವಳು ಹೊರಗೇ ತಡೆದು ನಿಂತು, ತೆರೆಗಳ ನಡುವೆ ಒಂದು ಸಂದು ನೋಡಿ ಬೋಟನ್ನು ಒಳಗೆ ತಂದಳು. ನಾನಾಗಿದ್ದರೆ ಕಾಯುತ್ತಿರಲಿಲ್ಲ.

ಬೆರಳಿಗೆ ಪ್ಲಾಸ್ಟರ್ ಹಾಕಿದ್ದಾರೆ, ಸರಿಯಾಗುತ್ತದೆ ಎಂದಿದ್ದಾರೆ. ಮರುದಿನ ಕಜೆಟನ್ ಮನೆಗೆ ಬಂದು ನನ್ನ ಮುಖ ನೋಡದೆ ಬಾಗಿಲಲ್ಲೇ ನಿಂತು ಹೇಳಿದ: "ಯಾದವಣ್ಣ, ಆ ಮೆಷಿನ್ ಹಾಕ್ಸಿ. ಆದ್ರೆ ಅದನ್ನು ನಡೆಸುದು ನಾನೇ, ಹೇಳ್ತೇನೆ."

ರುಡೊಲ್ಫ್ ಹೇಳಿದ ಒಂದು ಮಾತು ಈಗ ಅರ್ಥವಾಗುತ್ತದೆ. ಕಲ್ಲಿಗೆ ಸಿಕ್ಕಿದ ಲಂಗರನ್ನು ವಿಂಚ್ ಕೂಡ ಕಿತ್ತು ತರುವುದಿಲ್ಲ. ಹಗ್ಗದ ಬದಲು ಬರುವ ಸರಪಳಿಯನ್ನು ಕೊಕ್ಕೆಗೆ ಹಾಕಿ, ಬೋಟನ್ನೇ ಮುಂದೆ ಓಡಿಸಿ ಬಿಡಿಸಬೇಕು. ಆದರೆ ಆಗ ಯಾರ ಕೈಯೂ ಹಗ್ಗದಲ್ಲಿ ಇರುವುದಿಲ್ಲ. ನನಗೆ ಅಷ್ಟು ಸಾಕು.

ಇದು ಪೂರ್ತಿ ನಿಜ. ಇನ್ನು ನೀನು ಹೇಳಿದ ಹಾಗೆ.

ನಿನ್ನ ತಮ್ಮ
ಯಾದವ


ತೋಟ ಬೆಂಗ್ರೆ
18 ನವೆಂಬರ್ 2024

ಪ್ರೀತಿಯ ಅಕ್ಕನಿಗೆ,

ದೀಪಾವಳಿ ಕಳೆಯಿತು. ನಿನ್ನ ಕಾಗದ ಇಲ್ಲ. ಸುಗಂಧಿ ಫೋನು ಮಾಡಿದರೆ "ಆಮೇಲೆ ಮಾತಾಡುತ್ತೇನೆ" ಎಂದು ಇಡುತ್ತೀಯಂತೆ. ಮೋಕ್ಷಾ ಕೇಳಿದಳು, "ಮಾಮಿಗೆ ಅಷ್ಟು ಕೋಪವಾ ಪಪ್ಪ?" ಎಂದು.

ಬೇರೆ ಲಂಗರು ತಂದಿದ್ದೇನೆ. ಅದನ್ನು ಎಳೆಯಲು ಕಜೆಟನ್‌ಗೆ ಕೈ ಇಲ್ಲ. ನಾನೂ ಮೋಕ್ಷಾಳೂ ಎಳೆಯುತ್ತೇವೆ. ಒಂದು ದಿನ ಹೋದರೆ ಎರಡು ದಿನ ಮಲಗುತ್ತೇವೆ. ಈಗ ನಿಜವಾಗಿಯೂ ಭುಜ ನೋಯುತ್ತದೆ. ಇದನ್ನು ಹೇಳಿದರೆ ನೀನು ನಂಬುವುದಿಲ್ಲ ಎಂದು ಗೊತ್ತುಂಟು.

ಬೈಯಬೇಕೆಂದರೆ ಬೈದು ಬರೆ.

ಯಾದವ


ಭಾಯಂದರ್
30 ನವೆಂಬರ್ 2024

ಚಿ. ಯಾದವನಿಗೆ ಆಶೀರ್ವಾದಗಳು.

ನಿನ್ನ ದೊಡ್ಡ ಪತ್ರ ಬಂದ ದಿನ ನಾನು ಅಡುಗೆ ಮಾಡಲಿಲ್ಲ. ಮೊದಲು ಬೈಯಲು ಕುಳಿತೆ. ನಾಲ್ಕು ಪುಟ ಬೈದೆ. ಓದಿ ನೋಡಿದರೆ ಒಂದೂ ತಪ್ಪಿಲ್ಲದ ಚಂದದ ಕನ್ನಡ, ಆದರೆ ಕಳಿಸಲು ಮನಸ್ಸಾಗಲಿಲ್ಲ. ಹುಡುಗಿ ಕಡಲಿಗೆ ಹೋದಳೆಂದು ನನಗೆ ಸಿಟ್ಟೇ, ನೀವಿಬ್ಬರೂ ನನಗೆ ಹೆದರಿ ಸುಳ್ಳು ಹೇಳಿದಿರೆಂದು ಸಿಟ್ಟೇ, ಅದು ತೀರ್ಮಾನವಾಗಲು ಇಷ್ಟು ದಿನ ಬೇಕಾಯಿತು. ಎರಡನೆಯದು ಎಂದು ಗೊತ್ತಾಯಿತು. ಮೊದಲೇ ಕೇಳಿದ್ದರೆ ಒಪ್ಪುತ್ತಿದ್ದೆಯಾ ಎಂದು ನೀನು ಕೇಳಬಹುದು. ಒಪ್ಪುತ್ತಿರಲಿಲ್ಲ. ಅದು ಬೇರೆ ಮಾತು.

ಹೊಸ ಜನ ಎಂದು ಬರೆದು ಹೆಣ್ಣೋ ಗಂಡೋ ಗೊತ್ತಾಗದ ಹಾಗೆ ನಾಲ್ಕು ವಾಕ್ಯ ದಾಟಿಸಿದೆಯಲ್ಲ, ವ್ಯಾಕರಣದಲ್ಲಿ ನೀನು ಇಷ್ಟು ಜಾಣ ಎಂದು ಶಾಲೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಇಲ್ಲೇ ಉತ್ತನ್‌ಗೆ ಹೋದೆ, ಮೀನುಗಾರರ ಬೋಟು ನಿಲ್ಲುವ ಜಾಗ. ವಿಂಚ್ ಇರುವ ಒಂದು ಬೋಟು ಹುಡುಕಿ, ಅದರ ಮಾಲೀಕನಿಗೆ "ನನಗೆ ಅದನ್ನು ನೋಡಬೇಕು" ಎಂದೆ. ಸೀರೆ ಉಟ್ಟ ಮುದುಕಿ ವಿಂಚ್ ನೋಡಬೇಕು ಎಂದರೆ ಅವನಿಗೆ ನಗು. ನಮ್ಮದೂ ಬೋಟು ಉಂಟು, ಅರ್ಧ ನನ್ನದು ಎಂದೆ. ಸ್ಟೂಲು ಇಟ್ಟು ಹತ್ತಿಸಿದ. ಕಾಲಿನಲ್ಲಿ ಒತ್ತುವ ಬಟನ್ ಒಂದು ಇತ್ತು. ಎಂತ ಆಗುತ್ತದೆ ನೋಡೋಣ ಎಂದು ಒತ್ತಿದೆ. ಸರಪಳಿ ಗಡಗಡನೆ ಹೊರಟಿತು, ಮಾಲೀಕ "ಅರೆ ಬಾಯೀ!" ಎಂದು ಓಡಿ ಬಂದ. ಯಾದವ, ಎಷ್ಟು ಬಲ ಅದಕ್ಕೆ! ಇನ್ನೊಮ್ಮೆ ಒತ್ತಬಹುದೇ ಎಂದು ಕೇಳಿದೆ. ಬೇಡ ಎಂದ.

ಆದರೆ ಆ ಬೋಟಿನ ಒಬ್ಬನಿಗೆ ಅರ್ಧ ಬೆರಳು ಇರಲಿಲ್ಲ. ಸರಪಳಿ ಸರಿ ಮಾಡಲು ಕೈ ಹಾಕಿದಾಗ ಇನ್ನೊಬ್ಬ ಬಟನ್ ಒತ್ತಿದನಂತೆ. ಅಂದರೆ ಮೆಷಿನಿಗೂ ಬೆರಳು ತಿನ್ನಲು ಬರುತ್ತದೆ. ಇದನ್ನು ನಿನ್ನ ರುಡೊಲ್ಫ್ ಹೇಳಿದನೇ? ಆ ರಾತ್ರಿ ಬೇಡ ಎಂದೇ ಅಂದುಕೊಂಡೆ. ಬೆಳಿಗ್ಗೆ ಎದ್ದಾಗ ಮೂತಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದ ನಮ್ಮ ಹುಡುಗಿ ಕಣ್ಣ ಮುಂದೆ ಬಂದಳು. ಅಂಥ ಬುದ್ಧಿ ಇದ್ದವಳ ಕೈಗೆ ಕೊಡುವುದಾದರೆ ಮೆಷಿನೇ ವಾಸಿ.

ಹಾಕಿಸು. ನನ್ನ ಒಪ್ಪಿಗೆ ಉಂಟು. ಆದರೆ ಬಟನಿಗೆ ಮುಚ್ಚಳ ಇರಬೇಕು. ಚುಕ್ಕಾಣಿಯ ಹತ್ತಿರ ಪೂರ್ತಿ ಕರೆಂಟು ತೆಗೆಯುವ ಸ್ವಿಚ್ಚು ಇರಬೇಕು, ಯಾರಾದರೂ ಸರಪಳಿ ಮುಟ್ಟುವಾಗ ಅದು ಆಫ್ ಆಗಿರಬೇಕು. ಮೋಕ್ಷಾ ಕೂದಲು ಗಂಟು ಕಟ್ಟಿಕೊಳ್ಳಬೇಕು, ಸಡಿಲು ಬಟ್ಟೆ ಬೇಡ. ಕಜೆಟನ್ ನಡೆಸುವುದಾದರೆ ನಡೆಸಲಿ, ಹಗ್ಗ ಕೈಗೆ ಸುತ್ತಿಕೊಂಡರೆ ಏನಾಗುತ್ತದೆಂದು ಈಗ ಅವನಿಗಿಂತ ಹೆಚ್ಚು ಗೊತ್ತಿರುವವರು ಇಲ್ಲ.

ಥಾಣೆಯವರಿಗೆ ಹುಡುಗಿ ಮೀನು ಹಿಡಿಯಲು ಹೋಗುತ್ತಾಳೆ ಎಂದು ಹೇಳಿದೆ. ಹುಡುಗನ ತಾಯಿ ಮುಖ ಸಣ್ಣ ಮಾಡಿದರು. ಹುಡುಗ ಮಾತ್ರ ಮರುದಿನ ತಾನಾಗಿ ಫೋನು ಮಾಡಿ, "ಎಷ್ಟು ದೂರ ಹೋಗ್ತಾರೆ? ಯಾವ ಮೀನು?" ಎಂದು ಕೇಳಿದ. ನಂಬರ್ ಮೋಕ್ಷಾಳಿಗೆ ಕಳಿಸಿದ್ದೇನೆ. ಮುಂದೆ ಅವಳ ಇಷ್ಟ.

ನಿನ್ನ ಅಕ್ಕ
ದಮಯಂತಿ


ತೋಟ ಬೆಂಗ್ರೆ
19 ಜನವರಿ 2025

ಪ್ರೀತಿಯ ಅಕ್ಕನಿಗೆ,

ವಿಂಚ್ ಕೂತಿತು. ಕ್ರಿಸ್ಮಸ್ ಮುಗಿಸಿಕೊಂಡೇ ಬರುತ್ತೇನೆ ಎಂದ ರುಡೊಲ್ಫ್ ಹೊಸ ವರ್ಷಕ್ಕೆ ಬಂದು ಕೂರಿಸಿದ. ಬಟನಿಗೆ ಕೆಂಪು ಮುಚ್ಚಳ, ಚುಕ್ಕಾಣಿಯ ಹತ್ತಿರ ಸ್ವಿಚ್ಚು, ಎಲ್ಲ ನೀನು ಹೇಳಿದ ಹಾಗೆ. "ನಿಮ್ಮಕ್ಕ ಎಂಜಿನಿಯರಾ?" ಎಂದು ಕೇಳಿದ. ಹೌದು ಎಂದೆ.

ಮೊದಲ ದಿನ ಕಲ್ಲಿನ ಮೇಲೆ ಲಂಗರು ಇಳಿಸಿ, ಎತ್ತುವ ಹೊತ್ತಿಗೆ ಕಜೆಟನ್ ಅಂಗಿಯ ಕೈ ಮಡಚಿ, ಶಿಲುಬೆಯ ಗುರುತು ಮಾಡಿ, ಬಟನಿನ ಮೇಲೆ ಕಾಲಿಟ್ಟ. ಸರಪಳಿ ತಾನಾಗಿ ಬಂದು ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡಿತು. ಲಂಗರು ನೀರಿನಿಂದ ಮೇಲೆ ಬಂತು. ಯಾರಿಗೂ ಏದುಸಿರಿಲ್ಲ. ನಾವು ಮೂವರೂ ಮದುವೆಮನೆಗೆ ಬೇಗ ಹೋದ ನೆಂಟರ ಹಾಗೆ ಕೈ ಕಟ್ಟಿ ನಿಂತಿದ್ದೆವು. "ಇಷ್ಟೇಯಾ?" ಎಂದ ಕಜೆಟನ್. ಆಮೇಲೆ ಯಾರೂ ಹೇಳದೆ ಅದನ್ನು ಇಳಿಸಿ ಇನ್ನೊಮ್ಮೆ ಎತ್ತಿದ. ಈಗ ದಕ್ಕೆಯಲ್ಲಿ ಅದನ್ನು ನೋಡಲು ಬಂದವರಿಗೆಲ್ಲ ಪಾಠ ಮಾಡುವುದು ಅವನೇ. ಹಾಗೆ ನೋಡಲು ಬಂದ ಹ್ಯೂಬರ್ಟ್, "ನನಗೆ ಇಲ್ಲಿಯೇ ಜಾಗ ಉಂಟಾ?" ಎಂದು ಕೇಳಿ ವಾಪಸು ಬಂದುಬಿಟ್ಟಿದ್ದಾನೆ.

ಇನ್ನೊಂದು ವಿಷಯ. ಇವತ್ತು ಜಲಜಾಕ್ಷಿ ನನ್ನನ್ನು ಬಿಟ್ಟು ಹೋಗಿದ್ದಾಳೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮೋಕ್ಷಾ ಹೇಳಿದಳು: "ಪಪ್ಪ, ಹ್ಯೂಬರ್ಟಣ್ಣ ಬಂದ್ರಲ್ಲ. ಭಾನುವಾರ ನಾನೇ ತಾಂಡೇಲಳಾಗಿ ಬೋಟು ನಡೆಸ್ತೇನೆ. ನೀವು ಬರುದು ಬೇಡ." ಯಾಕೆ ಎಂದೆ. "ಆ ದಿನ ನಾನು ಕೂಗಿದ್ದು ನಿಮಗೆ ಕೇಳ್ಲಿಲ್ಲ" ಎಂದಳು. ಮೆತ್ತಗೆ ಹೇಳಿದ್ದು, ಆದರೆ ಅದು ಪೂರ್ತಿ ಕೇಳಿಸಿತು. ಬೆಳಿಗ್ಗೆ ಎದ್ದು ಯೋಚಿಸಿದೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಇಷ್ಟು ವರ್ಷದಲ್ಲಿ ಯಾರೂ ನನಗೆ ಅದನ್ನು ನೇರ ಹೇಳಿರಲಿಲ್ಲ, ಅಷ್ಟೇ. ಒಳ್ಳೆಯ ಕಡಲಿನಲ್ಲಿ ನಾನೂ ಹೋಗುತ್ತೇನೆ, ಬಿಡುವುದಿಲ್ಲ. ಆದರೆ ಚುಕ್ಕಾಣಿ ಇನ್ನು ಅವಳದ್ದು.

ಹೀಗಾಗಿ ಇವತ್ತು ಬೆಳಿಗ್ಗೆಯಿಂದ ನಾನು ದಡದಲ್ಲಿ. ಅಳಿವೆಗೆ ಮುಖ ಮಾಡಿ ತೆಂಗಿನ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಸುಗಂಧಿಗೆ ಮೂರು ಸಲ ಕೇಳಿದೆ, ಬೋಟು ಕಂಡಿತಾ ಎಂದು. "ಈಗ ಗೊತ್ತಾಯ್ತಾ? ನಾನು ಇಷ್ಟು ವರ್ಷ ಇದನ್ನೇ ಮಾಡಿದ್ದು" ಎಂದು ನಗುತ್ತಾ ಒಳಗೆ ಹೋದಳು. ಊರಲ್ಲಿರುವಾಗ ನೀನೂ ಅಮ್ಮನೂ ಅಪ್ಪನಿಗಾಗಿ ಹೀಗೆ ಕಾಯುತ್ತಿದ್ದಿರಲ್ಲ. ಆಗೆಲ್ಲ ನಾನು ಬೋಟಿನಲ್ಲಿರುತ್ತಿದ್ದೆ. ನನಗೆ ಬರುವುದು ಮಾತ್ರ ಗೊತ್ತಿತ್ತು. ಕಾಯುವವರು ಎಂತ ಮಾಡುತ್ತಾರೆ ಅಕ್ಕ? ನಾನು ಬಲೆಯ ಹಳೆ ತುಂಡೊಂದನ್ನು ಬಿಚ್ಚಿ ಮತ್ತೆ ಕಟ್ಟಿದೆ. ಬೆಕ್ಕಿಗೆ ಎರಡು ಸಲ ಊಟ ಹಾಕಿದೆ.

ಶಿವರಾತ್ರಿ ಹೊತ್ತಿಗೆ ನೀನು ಬರುತ್ತೀಯಂತೆ, ಮೋಕ್ಷಾ ಹೇಳಿದಳು. ಬಟನ್ ಒತ್ತಲು ಬಿಡುತ್ತಾಳೋ ಇಲ್ಲವೋ ಅವಳನ್ನೇ ಕೇಳು, ಅದು ನನ್ನ ಕೈಯಲ್ಲಿಲ್ಲ. ಥಾಣೆಯ ಹುಡುಗನೂ ದಿನಾ ಫೋನು ಮಾಡುತ್ತಾನೆ. ಮೀನಿನ ಹೆಸರು ಕಲಿಯುತ್ತಿದ್ದಾನಂತೆ. ಇನ್ನೂ ಬೂತಾಯಿಯಲ್ಲೇ

ಅಕ್ಕ, ಬೋಟು ಕಂಡಿತು. ಅಳಿವೆಯ ಬಾಯಿಯಲ್ಲಿ ನಿಂತಿದೆ, ಒಳಗೆ ಬರಲು ಸಂದು ನೋಡುತ್ತಿದ್ದಾಳೆ. ಈಗ ತಿರುಗಿಸಿದಳು. ಬರುತ್ತಿದ್ದಾಳೆ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ. ಹಗ್ಗ ಎಸೆದರೆ ಹಿಡಿಯಲು ದಡದಲ್ಲಿ ಒಬ್ಬ ಬೇಕಲ್ಲ.

ಯಾದವ